ಅಂಗಡಿ ನಂಟು: ಆದವಾನಿ ಹತ್ತಿ ಪೇಟೆಯ ನಂಬಿಕೆಯ ಚರಿತ್ರೆ

ನಮ್ಮ ಸೀಮೆಯ ಒಕ್ಕಲಿಗನಿಗೆ ಎರಡು ಥರದ ನಂಟಸ್ತನ. ಒಂದು, ಹೆಣ್ಣು ಕೊಟ್ಟು ಹೆಣ್ಣು ತಂದ ನಂಟಸ್ತನ. ಇನ್ನೊಂದು, ಅಂಗಡಿ ನಂಟಸ್ತನ. ಮೊದಲನೆಯದನ್ನು ಹಾಡಿನಲ್ಲಿ ಹಾಡ್ತೀವಿ, ಮದುವೆಯಲ್ಲಿ ಕುಣೀತೀವಿ. ಎರಡನೆಯದರ ಬಗ್ಗೆ ಯಾರೂ ಬರೆದಿಲ್ಲ, ಹಾಡಿದ್ದೂ ಕಡಿಮೆ. ಆದರೆ ಹತ್ತಿ ಬೆಳೆಯುವ ಊರಲ್ಲಿ ಇಬ್ಬರು ಎದುರಾದ್ರೆ, ಮಳೆ ಬೆಳೆ ಕೇಳಿದ ಮೇಲೆ ಬರೋ ಮಾತು ಇದೇ: "ನಿಮ್ದು ಯಾವ ಅಂಗಡಿ?" ಅಂಗಡಿ ಅಂದ್ರೆ ಉಪ್ಪು ಮೆಣಸಿನಕಾಯಿ ಅಂಗಡಿ ಅಲ್ಲ. ಆದವಾನಿ ಪೇಟೆಯಲ್ಲಿ ನೀವು ಯಾವ ದಲ್ಲಾಳಿ ಸಾವಕಾರನ ಮುಂದೆ ಹತ್ತಿ ಇಳಿಸ್ತೀರಿ ಅಂತ ಅರ್ಥ. ಅಪ್ಪ ಹೋದ ಅಂಗಡಿಗೇ ಮಗ ಹೋಗ್ತಾನೆ, ಮೊಮ್ಮಗನೂ ಹೋಗ್ತಾನೆ. ಇದು ಹೆಂಗೆ ಬೆಳೀತು, ಇದರಿಂದ ನಮಗೆ ಬಂದದ್ದೇನು ಹೋದದ್ದೇನು ಅಂತ ಈ ಲೇಖನದಲ್ಲಿ ಹೇಳ್ತೀನಿ. ನಾನು ಓದಿದ್ದು ಏಳನೇ ಕ್ಲಾಸು. ಉಳಿದದ್ದು ಹಿರಿಯರ ಬಾಯಿಂದ, ನಮ್ಮ ವಾಚನಾಲಯದ ಪುಸ್ತಕಗಳಿಂದ, ಪೇಟೆಯ ಕಟ್ಟೆ ಮೇಲಿಂದ ಕಲಿತದ್ದು.

ಕಾಗದದ ಮೇಲೆ ಆದೋನಿ, ನಮ್ಮ ಬಾಯಲ್ಲಿ ಆದವಾನಿ. ವಿಜಯನಗರದ ಕಾಲಕ್ಕೆ ಇದು ದೊಡ್ಡ ಕೋಟೆ. 1565ರ ಯುದ್ಧದ ನಂತರ ಬಿಜಾಪುರದ ಸುಲ್ತಾನರಿಗೆ ಸೇರಿತು. ಆಮೇಲೆ ಮೊಗಲರು, ನಿಜಾಮರು ಬಂದರು, 1786ರಲ್ಲಿ ಟಿಪ್ಪು ಹಿಡಿದ. 1800ರಲ್ಲಿ ನಿಜಾಮ ಈ ಸೀಮೆಯನ್ನು ಇಂಗ್ಲಿಷ್ ಕುಂಪಣಿಗೆ ಬಿಟ್ಟುಕೊಟ್ಟ. ಅದಕ್ಕೇ ಇದಕ್ಕೆ ದತ್ತ ಮಂಡಲ ಅಂತ ಹೆಸರು ಬಂತು. ಇಷ್ಟು ರಾಜರು ಬಂದು ಹೋದರೂ ಎರೆಭೂಮಿ ಮಾತ್ರ ಎಲ್ಲಿಗೂ ಹೋಗಲಿಲ್ಲ. ಎರೆಯಲ್ಲಿ ಹತ್ತಿ, ಜೋಳ, ಮಸಾರಿಯಲ್ಲಿ ಸಜ್ಜೆ, ನವಣೆ, ಆಮೇಲಾಮೇಲೆ ಶೇಂಗಾ.

ರೈಲು, ಜಿನ್ನು, ಪೇಟೆ ಇಲ್ಲದ ಕಾಲದಲ್ಲೂ ಬಾಳಿಕೆ ಬರೋ ವ್ಯವಹಾರ ನಮ್ಮಲ್ಲಿ ಇತ್ತು. ಅದು ಆಯ. ಬಡಿಗೇರ, ಕಮ್ಮಾರ, ಕುಂಬಾರ, ಅಗಸ, ನಾವಿದ, ಇವರೆಲ್ಲ ಆಯಗಾರರು. ಕೂರಿಗೆ ಮುರಿದ ದಿನ ಬಡಿಗೇರ ಬಂದು ರಿಪೇರಿ ಮಾಡಿ ಕೊಡ್ತಿದ್ದ, ಅವತ್ತು ರೊಕ್ಕ ಕೇಳ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲಿನ ಕಾಳು ಒಯ್ಯುತ್ತಿದ್ದ. ಬೆಳೆ ಚಲೋ ಬಂದ್ರೆ ಅವನಿಗೂ ಚಲೋ, ಬರ ಬಿದ್ರೆ ಅವನಿಗೂ ಬರ. ಇದರಲ್ಲಿ ಜಾತಿಯ ಮೇಲು ಕೀಳು ಇತ್ತು, ಕೊಟ್ಟಷ್ಟು ತಗೋ ಅನ್ನೋ ದರ್ಪವೂ ಇತ್ತು, ಅದನ್ನು ಮುಚ್ಚಿ ಹೇಳಬಾರದು. ಆದರೆ ಇವತ್ತಿನ ಕೆಲಸಕ್ಕೆ ನಾಳೆಯ ಸುಗ್ಗಿ ಹೊಣೆ ಅನ್ನೋ ಲೆಕ್ಕ ನಮ್ಮ ಜನಕ್ಕೆ ಅಲ್ಲಿಂದಲೇ ಗೊತ್ತಿತ್ತು.

ಕುಂಪಣಿ ಕಾಲದಲ್ಲಿ ಈ ಲೆಕ್ಕ ಬದಲಾಯಿತು. ಥಾಮಸ್ ಮನ್ರೋ ಸಾಹೇಬ 1800ರಿಂದ 1807ರವರೆಗೆ ದತ್ತ ಮಂಡಲಕ್ಕೆ ಕಲೆಕ್ಟರ್ ಆಗಿದ್ದ. ಹೊಲ ಅಳೆಸಿ, ಒಬ್ಬೊಬ್ಬ ರೈತನ ಮೇಲೂ ಕಂದಾಯ ಕಟ್ಟಿಸಿದ. ರೈತವಾರಿ ಅಂತ ಅದಕ್ಕೆ ಹೆಸರು. ಹೊಲ ರೈತನ ಹೆಸರಿಗೆ ಬಂದದ್ದು ಒಳ್ಳೇದೇ. ಆದರೆ ಕಂದಾಯ ರೊಕ್ಕದಲ್ಲಿ ಕಟ್ಟಬೇಕು, ಕಿಸ್ತಿನ ದಿನಕ್ಕೆ ಕಟ್ಟಬೇಕು. ಹತ್ತಿ ಇನ್ನೂ ಗಿಡದಲ್ಲೇ ಇರೋವಾಗ ರೊಕ್ಕ ಎಲ್ಲಿಂದ ಬರಬೇಕು? ಸರಕಾರ ತಕಾವಿ ಅಂತ ಸಾಲ ಕೊಡ್ತಿತ್ತು, ಅದು ಎಲ್ಲರಿಗೂ ಸಾಲ್ತಿರಲಿಲ್ಲ. ಆಗ ರೈತ ಸಾವಕಾರನ ಕಟ್ಟೆ ಹತ್ತಿದ. ಸಾವಕಾರ ಮುಂಗಡ ಕೊಟ್ಟ, ರೈತ ಬೆಳೆ ಒಪ್ಪಿಸಿದ. ಅಂಗಡಿ ನಂಟಿನ ಬೇರು ಇಲ್ಲಿ ಐತೆ ನೋಡ್ರಿ.

ಆ ಬೇರಿಗೆ ನೀರು ಬಿದ್ದದ್ದು ಏಳು ಸಮುದ್ರದ ಆಚೆಯಿಂದ. 1861ರಲ್ಲಿ ಅಮೆರಿಕದಲ್ಲಿ ಅಣ್ಣ ತಮ್ಮಂದಿರ ಹಂಗೆ ಎರಡು ಭಾಗದವರು ಯುದ್ಧಕ್ಕೆ ನಿಂತರು. ಇಂಗ್ಲೆಂಡಿನ ಲಂಕಾಶೈರ್ ಗಿರಣಿಗಳಿಗೆ ಅಲ್ಲಿಂದ ಬರ್ತಿದ್ದ ಹತ್ತಿ ನಿಂತಿತು. ಅವರು ಹಿಂದೂಸ್ಥಾನದ ಕಡೆ ತಿರುಗಿದರು. ಹತ್ತಿಗೆ ಕಂಡು ಕೇಳರಿಯದ ಬೆಲೆ ಬಂತು. ಸಾವಕಾರರು ಕರೆದು ಕರೆದು ಸಾಲ ಕೊಟ್ಟರು. 1865ರಲ್ಲಿ ಯುದ್ಧ ಮುಗೀತು, ಬೆಲೆ ದಬಾರಂತ ಬಿತ್ತು. ಸಾಲ ಮಾತ್ರ ನಿಂತಲ್ಲೇ ನಿಂತಿತ್ತು. ಪುಣೆ, ಅಹಮದನಗರದ ಕಡೆ 1875ರಲ್ಲಿ ರೈತರು ಸಾವಕಾರರ ಮನೆಗೆ ನುಗ್ಗಿ ಸಾಲದ ಪತ್ರ ಸುಟ್ಟರು. ಸುಪೆ ಅನ್ನೋ ಊರಲ್ಲಿ ಅದು ಶುರುವಾಯಿತು. ಅವರು ಹುಡುಕಿ ಸುಟ್ಟದ್ದು ಲೆಕ್ಕದ ಕಾಗದ, ಇದನ್ನು ನೆನಪಿಡ್ರಿ. ಓದಲಿಕ್ಕೆ ಬಾರದವನಿಗೆ ಕಾಗದವೇ ಹಗ್ಗ ಆಗಿತ್ತು.

ನಮ್ಮ ಕಡೆ ಅದರ ಬೆನ್ನಿಗೇ ಧಾತು ಈಶ್ವರ ಸಂವತ್ಸರದ ಬರ ಬಂತು, 1876ರಿಂದ 1878. ಆಗ ಆದವಾನಿ ಬಳ್ಳಾರಿ ಜಿಲ್ಲೆಯ ತಾಲೂಕು. 1871ರ ಜನಗಣತಿಗೂ 1881ರ ಜನಗಣತಿಗೂ ನೋಡಿದ್ರೆ ಜಿಲ್ಲೆಯಲ್ಲಿ ಜನ ಬಹಳ ಕಮ್ಮಿ ಆಗಿದ್ದರು. ಅಂಥಾ ಬರದಲ್ಲಿ ಸಾವಕಾರನ ಹತ್ತಿರ ಖಾತೆ ಇದ್ದವನಿಗೆ ಒಂದು ಸೇರು ಜೋಳ ಕೇಳಲಿಕ್ಕೆ ಒಂದು ಬಾಗಿಲು ಆದರೂ ಇತ್ತು. ಖಾತೆ ಇಲ್ಲದವನಿಗೆ ಗಂಜಿ ಕೇಂದ್ರ, ಇಲ್ಲವೇ ಗುಳೆ. ಅಂಗಡಿ ನಂಟು ಅನ್ನೋದು ಬರೀ ವ್ಯಾಪಾರದ ಮಾತಲ್ಲ, ಬರದ ಸೀಮೆಯಲ್ಲಿ ಅದು ಪ್ರಾಣದ ಮಾತು.

ಬರಕ್ಕೆ ಸ್ವಲ್ಪ ಮುಂಚೆ, 1871ರ ಹೊತ್ತಿಗೆ, ಮದ್ರಾಸಿನಿಂದ ರಾಯಚೂರಿನವರೆಗೆ ರೈಲು ಬಂದಿತ್ತು. ರಾಯಚೂರಲ್ಲಿ ಅದು ಬೊಂಬಾಯಿ ರೈಲಿಗೆ ಕೂಡಿತು. ನಡುವೆ ಆದವಾನಿ. ಮೊದಲು ಎತ್ತಿನ ಮೇಲೆ, ಬಂಡಿಯಲ್ಲಿ ಹೋಗ್ತಿದ್ದ ಹತ್ತಿ ಈಗ ಡಬ್ಬಿಯಲ್ಲಿ ಹೋಗಲಿಕ್ಕೆ ಹತ್ತಿತು. ಜಿನ್ನು ಬಂದವು, ಪ್ರೆಸ್ಸು ಬಂದವು, ಎಣ್ಣೆ ಗಿರಣಿ ಬಂದವು. ಮಾರವಾಡಿ, ಗುಜರಾತಿ ವ್ಯಾಪಾರಿಗಳು ಬಂದು ನೆಲೆ ನಿಂತರು. ಕೋಮಟಿ ಶೆಟ್ಟರು, ಲಿಂಗಾಯತ ಬಣಜಿಗರು, ಮುಸಲ್ಮಾನ ವ್ಯಾಪಾರಿಗಳು ಅಂಗಡಿ ಇಟ್ಟರು. ಆದವಾನಿಯನ್ನು ಎರಡನೇ ಬೊಂಬಾಯಿ ಅಂತ ಜನ ಕರೆದರು. ಪೇಟೆಯಲ್ಲಿ ಕನ್ನಡ, ತೆಲುಗು, ಉರ್ದು, ಮಾರವಾಡಿ ನಾಲ್ಕೂ ಮಾತು ಒಂದೇ ಕಟ್ಟೆ ಮೇಲೆ. ಸಾವಕಾರನ ಕಿರ್ದಿ ಪುಸ್ತಕ ಅವನ ಲಿಪಿಯಲ್ಲಿ, ರೈತನ ಲೆಕ್ಕ ಬೆರಳ ಗೆಣ್ಣಿನಲ್ಲಿ. ಇವೆರಡರ ನಡುವೆ ಸೇತುವೆ ಅಂದ್ರೆ ನಂಬಿಕೆ ಒಂದೇ.

ಈಗ ಒಂದು ಪ್ರಶ್ನೆ. ಪೇಟೆಯಲ್ಲಿ ನೂರು ಅಂಗಡಿ ಇದ್ರೂ ರೈತ ಒಂದೇ ಅಂಗಡಿಗೆ ಯಾಕೆ ಹೋಗ್ತಿದ್ದ? ಸಾಲ ಇತ್ತು, ಅದಕ್ಕೆ ಅಂತ ಹೇಳಬಹುದು. ಅದು ಅರ್ಧ ಉತ್ತರ. ಇನ್ನರ್ಧ ಹತ್ತಿಯಲ್ಲೇ ಐತೆ. ಜೋಳ ಆದ್ರೆ ಬೊಗಸೆಯಲ್ಲಿ ಹಿಡಿದ್ರೆ ಗೊತ್ತಾಗ್ತದೆ. ಹತ್ತಿ ಅಂಡಿಗೆಯಲ್ಲಿ ತುಳಿದು ತುಂಬಿದ ಮೇಲೆ ಒಳಗೆ ಏನೈತೆ ಅಂತ ದೇವರಿಗೇ ಗೊತ್ತು. ಮೇಲೆ ಬೆಳ್ಳಗೆ, ನಡುವೆ ಹಳದಿ ಹತ್ತಿ ಇರಬಹುದು. ನೀರು ಚಿಮುಕಿಸಿ ತೂಕ ಏರಿಸಿರಬಹುದು. ಕೊಳ್ಳೋನು ಒಂದು ಹಿಡಿ ಎಳೆದು, ಬೆರಳಲ್ಲಿ ಎಳೆ ಹಿಂಜಿ ಉದ್ದ ನೋಡ್ತಾನೆ, ತೇವ ನೋಡ್ತಾನೆ. ಅಂಡಿಗೆ ಪೂರಾ ಬಿಚ್ಚಿ ನೋಡಲಿಕ್ಕೆ ಆಗೋದಿಲ್ಲ. ಹಂಗಾಗಿ ಅವನು ಹತ್ತಿ ನೋಡೋದಕ್ಕಿಂತ ತಂದವನ ಮುಖ ನೋಡ್ತಾನೆ. ಹತ್ತು ವರ್ಷ ಒಣ ಹತ್ತಿ ತಂದವನ ಅಂಡಿಗೆಗೆ ಮುಖ ನೋಡಿ ಬೆಲೆ ಕೊಡ್ತಾನೆ. ಹೊಸಬನಾದ್ರೆ ಅನುಮಾನಕ್ಕೇ ನಾಲ್ಕು ರೂಪಾಯಿ ಮುರೀತಾನೆ.

ರೈತನ ಕಡೆಯಿಂದಲೂ ಅದೇ. ಆಗ ಮಣ ಅನ್ನೋದು ಊರಿಗೊಂದು ತೂಕ. ಸೇರು ಒಂದೊಂದು ಕಡೆ ಒಂದೊಂದು. ಮೀಟರು ಕಿಲೋ ಲೆಕ್ಕ ದೇಶಕ್ಕೆಲ್ಲ ಬಂದದ್ದು 1956ರ ಕಾನೂನಿನ ಮೇಲೆ, ಪೇಟೆಗೆ ಇಳಿಯಲಿಕ್ಕೆ ಇನ್ನೂ ನಾಲ್ಕೈದು ವರ್ಷ ಹಿಡೀತು. ಅದಕ್ಕೂ ಮುಂಚೆ ತಕ್ಕಡಿ ಹಿಡಿದವನ ಕೈ ಹೆಂಗೋ ತೂಕ ಹಂಗೆ. ಬೆಲೆ ಮಾತಾಡೋದು ಟವೆಲ್ಲಿನ ಅಡಿಯಲ್ಲಿ. ದಲ್ಲಾಳಿಯೂ ಕೊಳ್ಳೋನೂ ಬಟ್ಟೆ ಮುಚ್ಚಿ ಬೆರಳು ಒತ್ತಿ ಬೆಲೆ ಕಟ್ಟುತ್ತಿದ್ದರು. ದನದ ಸಂತೆಯಲ್ಲಿ ಇದನ್ನು ನೀವೂ ನೋಡಿರಬೇಕು. ತನ್ನ ಹತ್ತಿಗೆ ಎಷ್ಟು ಬೆರಳು ಬಿತ್ತು ಅಂತ ರೈತನಿಗೆ ಕಾಣ್ತಿರಲಿಲ್ಲ. ಆಮೇಲೆ ದಲ್ಲಾಳಿ, ಹಮಾಲಿ, ತೂಕದ ಕೂಲಿ, ಸೂಟು, ದೇವರ ಹೆಸರಿನ ಧರ್ಮ, ಎಲ್ಲಾ ಕಳೆದು ಕೈಗೆ ಬಂದದ್ದು ರೊಕ್ಕ. ಅಷ್ಟು ಕಣ್ಣು ಕಟ್ಟಿದ ವ್ಯಾಪಾರದಲ್ಲಿ ಗೊತ್ತಿರೋ ದಲ್ಲಾಳಿ ಇರೋದೇ ರೈತನಿಗಿದ್ದ ಒಂದೇ ಕಣ್ಣು. ನನ್ನ ರೈತನಿಗೆ ಈ ವರ್ಷ ಮೋಸ ಮಾಡಿದ್ರೆ ಮುಂದಿನ ವರ್ಷ ಬಂಡಿ ಪಕ್ಕದ ಅಂಗಡಿ ಮುಂದೆ ನಿಲ್ತದೆ, ಊರಿನ ಹತ್ತು ಬಂಡಿ ಅದರ ಹಿಂದೆ ಹೋಗ್ತವೆ ಅನ್ನೋ ಅಂಜಿಕೆ ದಲ್ಲಾಳಿಗೆ ಇರಬೇಕು. ಆ ಅಂಜಿಕೆ ಇದ್ದಲ್ಲಿ ನಂಟು ನೆಟ್ಟಗೆ ನಡೀತು.

ಅಂಜಿಕೆ ಇಲ್ಲದಲ್ಲಿ ಏನಾಯಿತು? ನಮ್ಮ ಮನೆತನದ್ದೇ ಎರಡು ಸಂಗತಿ ಹೇಳ್ತೀನಿ, ಅಂಗಡಿಗಳ ಹೆಸರು ಬೇಡ. 1972ರ ಬರದ ವರ್ಷ ನಾನು ಏಳನೇ ಕ್ಲಾಸು. ಆ ವರ್ಷವೇ ನನ್ನ ಓದು ನಿಂತಿತು. ಮನೆಯಲ್ಲಿ ಕಾಳಿಲ್ಲ, ಎತ್ತಿಗೆ ಸೊಪ್ಪೆ ಇಲ್ಲ. ನಮ್ಮಪ್ಪ ಪೇಟೆಗೆ ಹೋದ. ಅವನು ಬಾಯಿ ಬಿಡೋಕೆ ಮುಂಚೆ ಆ ಸಾವಕಾರ, "ಯಾಕೋ ತಮ್ಮ, ಮುಖ ಬಾಡೈತೆ, ಮೊದಲು ಎರಡು ಚೀಲ ಜೋಳ ಹಾಕ್ಕೊಂಡು ಹೋಗು, ಲೆಕ್ಕ ಆಮೇಲೆ" ಅಂದನಂತೆ. ಲೆಕ್ಕ ಆಮೇಲೆ ಬಂತು, ಬಡ್ಡಿಯೂ ಬಂತು. ಆದರೆ ಬಾಯಲ್ಲಿ ಆಡಿದ ಬಡ್ಡಿಯೇ ಬಂತು, ಒಂದು ಪೈಸೆ ಹೆಚ್ಚು ಬರಲಿಲ್ಲ. ಪ್ರತಿ ದೀಪಾವಳಿಗೆ ಅವರು ಹೊಸ ಪುಸ್ತಕ ಪೂಜೆ ಮಾಡುವಾಗ ನಮ್ಮಪ್ಪನನ್ನು ಕೂಡಿಸಿಕೊಂಡು ಹಳೇ ಖಾತೆ ಓದಿ ಹೇಳ್ತಿದ್ದರು. ನಮ್ಮ ಅಕ್ಕನ ಮದುವೆಗೆ ಅವರ ಮನೆಯಿಂದ ಸೀರೆ ಬಂತು. ಅವರ ಮನೆಯ ಹಿರಿಯರು ತೀರಿಕೊಂಡಾಗ ನಮ್ಮಪ್ಪ ಹೆಗಲು ಕೊಟ್ಟ.

ನಮ್ಮ ದೊಡ್ಡಪ್ಪನದು ಇನ್ನೊಂದು ಅಂಗಡಿ. ಅದೂ ಹಳೇ ನಂಟೇ, ಎರಡು ತಲೆಮಾರಿನದು. ಅಲ್ಲಿ ಲೆಕ್ಕ ಕೇಳಿದ್ರೆ, "ನಮ್ಮಲ್ಲಿ ನಂಬಿಕೆ ಇಲ್ಲೇನೋ?" ಅಂತಿದ್ದರು. ಆ ಮಾತಿಗೆ ದೊಡ್ಡಪ್ಪ ನಾಚಿಕೊಂಡು ಸುಮ್ಮನಾಗ್ತಿದ್ದ. ಸಾಲ ಇರೋ ತನಕ ಬೇರೆ ಅಂಗಡಿಗೆ ಹತ್ತಿ ಒಯ್ಯಂಗಿಲ್ಲ. ಪೇಟೆಯಲ್ಲಿ ಏನು ಬೆಲೆ ಇದ್ರೂ ಅವರು ಕಟ್ಟಿದ್ದೇ ಬೆಲೆ. ಹದಿನಾರು ವರ್ಷ ಹತ್ತಿ ಹಾಕಿದ ಮೇಲೂ ಅಸಲು ಹಂಗೇ ಇತ್ತು. ಕಡೆಗೆ ಊರ ಮುಂದಿನ ಎರೆ ಹೊಲ ಬರೆದುಕೊಟ್ಟ. ಇವತ್ತಿಗೂ ಆ ಹೊಲದ ಬದುವಿನ ಮೇಲೆ ನಡೆಯುವಾಗ ನಮ್ಮ ಮನೆಯವರು ಯಾರೂ ಮಾತಾಡೋದಿಲ್ಲ.

ಎರಡೂ ಹಳೇ ನಂಟೇ, ಎರಡೂ ಒಂದೇ ಪೇಟೆ. ಒಂದು ನಮ್ಮನ್ನು ಉಳಿಸಿತು, ಇನ್ನೊಂದು ನಮ್ಮ ಹೊಲ ತಿಂತು. ಎಷ್ಟು ವರ್ಷದ ನಂಟು ಅನ್ನೋದರಲ್ಲಿ ಎಲ್ಲಾ ಇಲ್ಲ. ಒಂದು ಕಡೆ ಲೆಕ್ಕ ಓದಿ ಹೇಳ್ತಿದ್ದರು, ಬೇಕಂದ್ರೆ ಬಿಟ್ಟು ಹೋಗೋ ದಾರಿ ಇತ್ತು. ಇನ್ನೊಂದು ಕಡೆ ಎರಡೂ ಇರಲಿಲ್ಲ. "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ" ಅಂತ ಗಾದೆ. ನಮ್ಮ ಪೇಟೆಯಲ್ಲಿ ಅದು ತಿರುಗಾ ಮುರುಗಾ ಆಗಿತ್ತು, ಹತ್ತಿ ಕೊಟ್ಟವನೂ ಕೋಡಂಗಿ, ಸಾಲ ಇಸ್ಕೊಂಡವನೂ ಕೋಡಂಗಿ. ಇಬ್ಬರೂ ರೈತನೇ.

ಸರಕಾರಕ್ಕೂ ಇದು ಗೊತ್ತಾಗಿತ್ತು. ಲಿನ್‌ಲಿತ್‌ಗೋ ಪ್ರಭುವಿನ ವ್ಯವಸಾಯ ಆಯೋಗ 1928ರಲ್ಲಿ ವರದಿ ಕೊಟ್ಟು, ಪೇಟೆಯ ಮೋಸ ತಡೆಯಲಿಕ್ಕೆ ಕಾನೂನಿನ ಪೇಟೆ ಬೇಕು ಅಂತ ಹೇಳಿತು. ಮದ್ರಾಸು ಸರಕಾರ 1933ರಲ್ಲಿ ವಾಣಿಜ್ಯ ಬೆಳೆಗಳ ಮಾರುಕಟ್ಟೆ ಕಾನೂನು ಮಾಡಿತು. ಆಗ ನಾವೂ ಮದ್ರಾಸಿನವರೇ. 1938ರಲ್ಲಿ ರಾಜಾಜಿಯವರ ಸರಕಾರ ರೈತರ ಸಾಲ ಪರಿಹಾರ ಕಾನೂನು ತಂದಿತು. ಅಸಲಿನ ಎರಡರಷ್ಟು ಕಟ್ಟಿದ ರೈತನ ಹಳೇ ಸಾಲ ತೀರಿದಂಗೆ ಅಂತ ಅದರಲ್ಲಿ ಇತ್ತು. ಹಿಂಗೆ ನಂಬಿಕೆಗೆ ಒಂದು ಎಲ್ಲೆ ಕಲ್ಲು ನೆಟ್ಟರು.

ಅದೇ 1938ರಲ್ಲಿ ನಮ್ಮ ಪಕ್ಕದ ಎಮ್ಮಿಗನೂರಿನಲ್ಲಿ ಮಾಚಾನಿ ಸೋಮಪ್ಪನವರು ನೇಕಾರರ ಸಹಕಾರ ಸಂಘ ಕಟ್ಟಿದರು. ನೇಕಾರನಿಗೂ ಸಾವಕಾರನಿಗೂ ಇದ್ದದ್ದು ನಮ್ಮಂಥದ್ದೇ ನಂಟು: ಅವನು ನೂಲು ಕೊಡೋದು, ಇವನು ನೇದು ಅವನಿಗೇ ಒಪ್ಪಿಸೋದು. ಸೋಮಪ್ಪನವರು ಆ ನಂಟನ್ನು ಒಬ್ಬ ಮನುಷ್ಯನ ಕೈಯಿಂದ ಬಿಡಿಸಿ ಸಂಘದ ಕೈಗೆ ಕೊಟ್ಟರು. ನೂಲು ಸಂಘದ್ದು, ಬಟ್ಟೆ ಮಾರೋದು ಸಂಘ, ನೇಕಾರ ಸಂಘದ ಸದಸ್ಯ. ತನ್ನ ಲೆಕ್ಕ ತಾನೇ ಕೇಳೋ ಹಕ್ಕು ಅವನಿಗೆ ಬಂತು. 1954ರಲ್ಲಿ ಸೋಮಪ್ಪನವರಿಗೆ ಪದ್ಮಶ್ರೀ ಬಂತು. ಪದ್ಮಶ್ರೀ ಕೊಡಲಿಕ್ಕೆ ಶುರು ಮಾಡಿದ ಮೊದಲ ವರ್ಷವೇ ಅದು.

1953ರ ಅಕ್ಟೋಬರ್ 1ಕ್ಕೆ ಇನ್ನೊಂದು ಪರೀಕ್ಷೆ. ಆಂಧ್ರ ರಾಜ್ಯ ಆಯಿತು. ಬಳ್ಳಾರಿ ಮೈಸೂರಿಗೆ ಹೋಯಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಬಂದವು, ಅದರಲ್ಲಿ ಆದವಾನಿ, ಆಲೂರು ಕರ್ನೂಲು ಜಿಲ್ಲೆಗೆ ಸೇರಿದವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ನಡುವೆ ಗೆರೆ ಬಿತ್ತು. ಪೇಟೆ ಮಾತ್ರ ಆ ಗೆರೆ ನೋಡಲಿಲ್ಲ. ಬಳ್ಳಾರಿ, ರಾಯಚೂರು ಕಡೆಯ ಹತ್ತಿ ಇವತ್ತಿಗೂ ಆದವಾನಿಗೆ ಬರ್ತದೆ. ಆ ಕಡೆ ರೈತರು ಕನ್ನಡದಲ್ಲೇ ಬೆಲೆ ಕೇಳ್ತಾರೆ, ತೆಲುಗು ದಲ್ಲಾಳಿ ಕನ್ನಡದಲ್ಲೇ ಹೇಳ್ತಾನೆ. ಕೊಡೋದು ತಗೊಳ್ಳೋದು ಇರೋ ತನಕ ಮಾತು ಸಾಯೋದಿಲ್ಲ. ನಮ್ಮ ಕನ್ನಡ ಈ ಸೀಮೆಯಲ್ಲಿ ಉಳಿದದ್ದಕ್ಕೆ ಶಾಲೆಯ ಮೇಷ್ಟ್ರು, ಮಠ, ಜಾತ್ರೆ ಕಾರಣ ಅಂತಾರೆ. ಹತ್ತಿ ಪೇಟೆಗೂ ಅದರಲ್ಲಿ ಒಂದು ಪಾಲು ಕೊಡ್ರಿ ಅಂತ ನಾನಂತೀನಿ.

1966ರಲ್ಲಿ ಆಂಧ್ರ ಪ್ರದೇಶದ ಮಾರುಕಟ್ಟೆ ಕಾನೂನು ಬಂತು. ದಲ್ಲಾಳಿಗೆ ಲೈಸೆನ್ಸು, ಮಾರುಕಟ್ಟೆ ಸಮಿತಿ, ಯಾರ್ಡು. ಟವೆಲ್ಲಿನ ಅಡಿಯ ಬೆರಳು ಹೋಗಿ ಚೀಟಿಯಲ್ಲಿ ಬೆಲೆ ಬರೆಯೋದು ಬಂತು. 1970ರಲ್ಲಿ ಭಾರತ ಹತ್ತಿ ನಿಗಮ ಹುಟ್ಟಿತು. ಬೆಲೆ ಬಿದ್ದಾಗ ಬೆಂಬಲ ಬೆಲೆಗೆ ಕೊಳ್ಳಲಿಕ್ಕೆ ಅದು ಬರ್ತದೆ. 2016ರಿಂದ ದೇಶದಲ್ಲಿ ಕಂಪ್ಯೂಟರ್ ಪೇಟೆಯೂ ಶುರುವಾಯಿತು. ಹಂಗಾದ್ರೆ ಅಂಗಡಿ ನಂಟು ಇನ್ನು ಬೇಡ ಅಂತ ಕೆಲವು ಹುಡುಗರು ಅಂತಾರೆ.

ನನಗೆ ಹಂಗೆ ಅನ್ನಿಸೋದಿಲ್ಲ. ಕಾನೂನು ತೂಕ ನೋಡ್ತದೆ, ಬೆಲೆ ನೋಡ್ತದೆ. ಅರ್ಧ ರಾತ್ರಿ ಆಸ್ಪತ್ರೆಗೆ ಹತ್ತು ಸಾವಿರ ಬೇಕಾದ್ರೆ ಕಂಪ್ಯೂಟರ್ ಕೊಡೋದಿಲ್ಲ. ಮಳೆ ಬಂದು ಹತ್ತಿ ನೆಂದಾಗ, "ಎರಡು ದಿನ ಒಣಗಿಸು, ಈಗ ತಂದ್ರೆ ಮುರೀತಾರೆ" ಅಂತ ಫೋನ್ ಮಾಡಿ ಹೇಳೋದು ಗೊತ್ತಿರೋ ಮನುಷ್ಯನೇ. ಇತ್ತೀಚೆಗೆ ನಮ್ಮೂರಿಗೆ ಲಾರಿ ತಗೊಂಡು ಒಬ್ಬ ವ್ಯಾಪಾರಿ ಬಂದ. ಪೇಟೆಗಿಂತ ಕ್ವಿಂಟಾಲಿಗೆ ಇನ್ನೂರು ಹೆಚ್ಚು ಅಂದ. ನಮ್ಮ ಓಣಿಯ ಹುಡುಗ ಹತ್ತಿ ಹಾಕಿದ. ಅರ್ಧ ರೊಕ್ಕ ಕೈಗೆ, ಅರ್ಧ ವಾರ ಬಿಟ್ಟು ಅಂತ ಮಾತು. ವಾರ ಹೋಯಿತು, ತಿಂಗಳೂ ಹೋಯಿತು, ಫೋನು ಬಂದ್ ಆಯಿತು. ಹುಡುಕಿ ಹೋಗಲಿಕ್ಕೆ ಅವನಿಗೆ ಅಂಗಡಿ ಇಲ್ಲ, ಊರು ಯಾವುದೋ ಗೊತ್ತಿಲ್ಲ. ಇನ್ನೂರು ರೂಪಾಯಿ ಹೆಚ್ಚು ಬೆಲೆ ಅಂದ್ರೆ ಹಿಂಗೆ. ಮುಂದಿನ ವರ್ಷ ನಿಮ್ಮ ಮುಖ ನೋಡಬೇಕಾದ ಅಗತ್ಯ ಇಲ್ಲದವನು ಎಷ್ಟು ಬೆಲೆ ಬೇಕಾದ್ರೂ ಹೇಳಬಹುದು.

2002ರಲ್ಲಿ ಬಿಟಿ ಹತ್ತಿಗೆ ಸರಕಾರ ಒಪ್ಪಿಗೆ ಕೊಟ್ಟ ಮೇಲೆ ಬೀಜ, ಗೊಬ್ಬರ, ಔಷಧಿ ಅಂಗಡಿಯ ಹೊಸ ನಂಟು ಶುರುವಾಗೈತೆ. ಮೊದಲು ಬೀಜ ನಮ್ಮ ಮನೆಯದೇ. ಈಗ ಪ್ರತಿ ವರ್ಷ ಪಾಕೀಟು ಕೊಳ್ಳಬೇಕು. ಬೀಜ ಒಳ್ಳೇದೋ ಕೆಟ್ಟದ್ದೋ ಗೊತ್ತಾಗೋದು ಕಾಯಿ ಬಿಟ್ಟಾಗ, ಅಂದ್ರೆ ರೊಕ್ಕ, ಮಳೆ, ಕೂಲಿ ಎಲ್ಲಾ ಹೋದ ಮೇಲೆ. ಅಂಡಿಗೆಯ ಒಳಗೆ ಏನೈತೆ ಅಂತ ಕೊಳ್ಳೋನು ಅಂಜುತ್ತಿದ್ದ ಹಂಗೆ ಈಗ ಪಾಕೀಟಿನ ಒಳಗೆ ಏನೈತೆ ಅಂತ ನಾವು ಅಂಜಬೇಕಾಗೈತೆ. ಇಲ್ಲೂ ಅದೇ ಮದ್ದು. ಗೊತ್ತಿರೋ ಅಂಗಡಿ ಹಿಡೀರಿ, ಆದರೆ ಬಿಲ್ಲು ಬಿಡಬೇಡ್ರಿ. ಬಿಲ್ಲು ಕೇಳಿದ್ರೆ ಸಿಟ್ಟಾಗೋ ಅಂಗಡಿಯವನು ನಿಮ್ಮ ದೊಡ್ಡಪ್ಪನ ಸಾವಕಾರನ ವಂಶದವನು ಅಂತ ತಿಳ್ಕೊಳ್ರಿ.

ನಾನು ಹಾಡೋ ಮನುಷ್ಯ. ನಮ್ಮ ಮೇಳಕ್ಕೂ ಇಂಥಾ ನಂಟು ಐತೆ. ಮೊಹರಂಗೆ ಒಂದು ಊರಿನವರು ಮೂವತ್ತು ವರ್ಷದ ಮೇಲಾಯಿತು ನಮಗೇ ವೀಳ್ಯ ಕೊಡ್ತಾರೆ. ಒಂದು ವರ್ಷ ಮಳೆ ಹೊಡೆದು ರಾತ್ರಿ ಹಾಡಿಕೆ ನಡೀಲಿಲ್ಲ. ಊರ ಗೌಡರು ಬಸ್ಸಿನ ಖರ್ಚು, ಊಟ, ಅರ್ಧ ಸಂಭಾವನೆ ಕೊಟ್ಟು ಕಳಿಸಿದರು. ಮರು ವರ್ಷ ನಾವು ಒಂದು ರಾತ್ರಿ ಹೆಚ್ಚಿಗೆ ಹಾಡಿದ್ವಿ. ಯಾರೂ ಕೇಳಿರಲಿಲ್ಲ. ಆದರೆ ಎರಡೂ ಕಡೆಯವರ ಮನಸ್ಸಿನಲ್ಲಿ ಲೆಕ್ಕ ಇತ್ತು. ಬಾಳೋ ವ್ಯವಹಾರದಲ್ಲಿ ಲೆಕ್ಕ ಇರ್ತದೆ, ಆದರೆ ಅದನ್ನು ಒಂದೇ ದಿನಕ್ಕೆ ಮುಗಿಸೋ ಅವಸರ ಇರೋದಿಲ್ಲ. ಪೇಟೆಯಲ್ಲೂ ಅಷ್ಟೇ.

ಕಡೆಗೆ ಮೇಷ್ಟ್ರುಗಳಿಗೆ, ಊರಿನ ಹಿರಿಯರಿಗೆ ಒಂದು ಬೇಡಿಕೆ. ನಿಮ್ಮ ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ ಅಜ್ಜಂದಿರ ಕಾಲದ ಪಟ್ಟಿ, ಖಾತೆ ಚೀಟಿ, ಹುಂಡಿ, ಸಾಲ ಪತ್ರ ಇದ್ರೆ ಒಲೆಗೆ ಹಾಕಬೇಡ್ರಿ. ವಾಚನಾಲಯಕ್ಕೆ ತಂದು ಕೊಡ್ರಿ, ಇಲ್ಲವೇ ಒಂದು ದಿನದ ಮಟ್ಟಿಗೆ ತೋರಿಸ್ರಿ. ಅದರಲ್ಲಿ ಹತ್ತಿಯ ಬೆಲೆ ಐತೆ, ಹಮಾಲಿ ಐತೆ, ಬಡ್ಡಿ ಐತೆ, ಬರದ ವರ್ಷದ ಜೋಳ ಐತೆ. ರಾಜರ ಚರಿತ್ರೆ ಶಾಲೆ ಪುಸ್ತಕದಲ್ಲಿ ಸಿಗ್ತದೆ. ನಮ್ಮ ಚರಿತ್ರೆ ಆ ಚೀಟಿಗಳಲ್ಲೇ ಇರೋದು. ಏಳನೇ ಕ್ಲಾಸಿನ ಮಕ್ಕಳ ಕೈಗೆ ಒಂದೊಂದು ಹಳೇ ಪಟ್ಟಿ ಕೊಟ್ಟು, ಸೂಟು ಎಷ್ಟು, ಬಡ್ಡಿ ಎಷ್ಟು, ಕೈಗೆ ಬಂದದ್ದು ಎಷ್ಟು ಅಂತ ಲೆಕ್ಕ ಮಾಡಿಸ್ರಿ. ನಾಳೆ ಆ ಮಕ್ಕಳು ಆದವಾನಿ ಯಾರ್ಡಿಗೆ ಹೋದಾಗ ಸಾವಕಾರನನ್ನು ಅಣ್ಣ ಅಂತಲೇ ಕರೀಲಿ, ಟೀ ಕುಡೀಲಿ, ಹಬ್ಬಕ್ಕೆ ಕರೀಲಿ. ಆಮೇಲೆ ಕೈ ಚಾಚಿ, "ಪಟ್ಟಿ ಕೊಡು ಅಣ್ಣ, ಓದಿ ನೋಡ್ತೀನಿ" ಅನ್ನಲಿ.